ಹಾಡು ಅಂಗಡಿಗೆ ಹೋಗುವ ಮುಂಚೆ

ಮಾನ್ಯ ಸಂಪಾದಕರೇ,

ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಕ್ಷಗಾನ ಪದ್ಯ, ಹಾಲಕ್ಕಿ ಹಾಡು, ಕೊಂಕಣಿ ಗೀತೆಗಳು ಸ್ಪಾಟಿಫೈ, ಯೂಟ್ಯೂಬಿನಂಥ ಆನ್‌ಲೈನ್ ಅಂಗಡಿಗಳಲ್ಲಿ ‘ಜಗತ್ತಿನಾದ್ಯಂತ ಲಭ್ಯ’ ಎಂಬ ಸುದ್ದಿ ಈಚೆಗೆ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಲಭ್ಯ, ಹೌದು. ಹಣ ಯಾರ ಖಾತೆಗೆ ಹೋಗುತ್ತದೆ ಎಂದು ಕೇಳಿದರೆ ಹಾಡಿದವರಿಗೇ ಗೊತ್ತಿರುವುದಿಲ್ಲ. ಚಾಲಿ ಅಡಿಕೆ ವಖಾರಿಗೆ ಹಾಕಿದವರು ತೂಕದ ಚೀಟಿ ಇಲ್ಲದೆ ಮನೆಗೆ ಬರುವವರಲ್ಲ. ಹಾಡಿಗೆ ಮಾತ್ರ ಬಾಯಿಮಾತು ಸಾಕೆಂದುಕೊಳ್ಳುತ್ತೇವೆ.

ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಹಾಡಿದವರಿಗೆ ತಾನಾಗಿ ಸೇರುವುದಿಲ್ಲ. ಮುದ್ರಣದ ಮುತುವರ್ಜಿ, ಜವಾಬ್ದಾರಿ ಹೊತ್ತ ನಿರ್ಮಾಪಕರಿಗೆ ಸೇರುತ್ತದೆ, ಅದೂ 60 ವರ್ಷ. ಸ್ಟುಡಿಯೊ ಬಾಡಿಗೆ ಕೊಟ್ಟವರು ಒಬ್ಬರು, ಅಪ್‌ಲೋಡ್ ಮಾಡಿದವರು ಇನ್ನೊಬ್ಬರು ಆದರೆ ತಕರಾರು ಹುಟ್ಟುವುದು ಇಲ್ಲೇ. ಹಕ್ಕು ವಹಿಸಿಕೊಡುವುದು ಲಿಖಿತವಾಗಿಯೇ ಆಗಬೇಕು. ಕರಾರಿನಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು 19ನೇ ಕಲಮು ಹೇಳುತ್ತದೆ. ಅದು ಗೊತ್ತಿರುವ ಲೇಬಲ್ಲಿನವರು (ಹಾಡು ಹೊರತರುವ ಕಂಪನಿಯವರು) ‘ಶಾಶ್ವತವಾಗಿ, ವಿಶ್ವದಾದ್ಯಂತ’ ಎಂಬ ಸಾಲನ್ನು ಮೊದಲೇ ಅಚ್ಚುಹಾಕಿಸಿ ತರುತ್ತಾರೆ. ಸಹಿಗೆ ಮುಂಚೆ ಆ ಸಾಲು ಹುಡುಕಿ, 3 ವರ್ಷ ಎಂದು ತಿದ್ದಿಸಿ. ಸಾಹಿತ್ಯ ಬರೆದವರು, ರಾಗ ಹಾಕಿದವರು ತಮ್ಮ ರಾಯಧನದ ಪಾಲನ್ನು ಲೇಬಲ್ಲಿಗೆ ಬಿಟ್ಟುಕೊಟ್ಟೆವೆಂದು ಬರೆದರೂ 2012ರ ತಿದ್ದುಪಡಿಯಂತೆ ಅದು ಊರ್ಜಿತವಲ್ಲ. ಆ ಪಾಲು ವಸೂಲಿ ಮಾಡುವುದು ಸಾಹಿತ್ಯ, ಸಂಗೀತ ರಚನಕಾರರ ಸಂಘವಾದ ಐಪಿಆರ್‌ಎಸ್. ಸದಸ್ಯರಾಗಿ, ಪ್ರತಿ ಹಾಡನ್ನೂ ಅಲ್ಲಿ ದಾಖಲಿಸಬೇಕು.

ಕವಿ ತೀರಿ 60 ವರ್ಷ ಕಳೆದ ಪ್ರಸಂಗದ ಪದ್ಯಕ್ಕೆ ಯಾರ ಅನುಮತಿಯೂ ಬೇಡ. ಈಚಿನ ಪ್ರಸಂಗಕರ್ತರದ್ದಾದರೆ ಬೇಕೇ ಬೇಕು. ಹಾಲಕ್ಕಿ, ಸಿದ್ದಿ ಹಾಡುಗಳಿಗೆ ರಚನಕಾರರ ಜಾಗದಲ್ಲಿ ‘ಸಾಂಪ್ರದಾಯಿಕ’ ಎಂದೇ ನಮೂದಿಸಿ. ಅಲ್ಲಿ ಲೇಬಲ್ ಮಾಲೀಕರ ಹೆಸರು ಕೂತಿರುವುದನ್ನು ನೋಡಿದರೆ ನಾಚಿಕೆಯಾಗುತ್ತದೆ.

ಪ್ರತಿ ಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ–ಅಂಕಿಗಳ ಗುರುತು ಸಿಗುತ್ತದೆ. ಅದೇ ಪದ್ಯವನ್ನು ಮುಂದಿನ ವರ್ಷ ಮತ್ತೆ ಹಾಡಿದರೆ ಹೊಸ ಸಂಖ್ಯೆ. ಹಾಡನ್ನು ಆನ್‌ಲೈನ್ ಅಂಗಡಿಗಳಿಗೆ ತಲುಪಿಸುವ ವಿತರಕರನ್ನು ಬದಲಾಯಿಸಿದರೆ ಹಳೆಯದೇ. ಇದನ್ನು ಬರೆದಿಟ್ಟುಕೊಳ್ಳದವರು ಹೊಸ ವಿತರಕರ ಹತ್ತಿರ ಹೊಸ ಸಂಖ್ಯೆ ಪಡೆದು, ಅಲ್ಲಿಯವರೆಗಿನ ಕೇಳ್ವಿಕೆಯ ಲೆಕ್ಕವನ್ನೆಲ್ಲ ಕಳೆದುಕೊಳ್ಳುತ್ತಾರೆ. ವರ್ಷದ ಶುಲ್ಕ ಕೇಳುವ ಕೆಲವು ವಿತರಕರಲ್ಲಿ ಕಂತು ತಪ್ಪಿದರೆ ಹಾಡೂ ಇಳಿಯುತ್ತದೆ.

ಹೆಸರಿನ ಗೋಳು ಬೇರೆ. ಶಿರಸಿ ಸೀಮೆಯಲ್ಲಿ ಹೆಗಡೆ, ಭಟ್ಟರಿಗೆ ಬರವೇ? ರೋಮನ್ ಲಿಪಿಯಲ್ಲಿ ‘ಹೆಗಡೆ’ಯನ್ನು ಒಮ್ಮೆ ‘ಜಿ’ ಮುಂದೆ ‘ಎ’ ಹಾಕಿ, ಇನ್ನೊಮ್ಮೆ ಬಿಟ್ಟು ಬರೆದರೆ ಅಂಗಡಿಯಲ್ಲಿ ಇಬ್ಬರು ಕಲಾವಿದರಾಗುತ್ತಾರೆ. ಎರಡನೇ ಬಿಡುಗಡೆಯಿಂದ ಹಳೆಯ ಕಲಾವಿದ ಪುಟದ ಕೊಂಡಿಯನ್ನೇ ವಿತರಕರಿಗೆ ಕೊಡಿ. ಹಾಡಿನ ಮುಖಪುಟ ಚಿತ್ರ 3000 x 3000 ಪಿಕ್ಸೆಲ್ ಚೌಕವಿರಲಿ. ಯಕ್ಷಗಾನ ಆಟದ ಹ್ಯಾಂಡ್‌ಬಿಲ್ಲಿನಂತೆ ಫೋನ್ ನಂಬರು, ‘ಶುಭ ಕೋರುವವರು’ ಎಲ್ಲ ತುಂಬಿದರೆ ತಿರಸ್ಕೃತವಾಗಿ ವಾಪಸು ಬರುತ್ತದೆ.

ಧ್ವನಿಯ ಮಾತಿಗೆ ಬಂದರೆ ನಮ್ಮ ಭಾಗದ ದೊಡ್ಡ ತಪ್ಪು ಚಂಡೆಯಲ್ಲಿ. ಉರುಳಿಕೆಯ ಒಂದು ಪೆಟ್ಟು ಭಾಗವತರ ಕಂಠಕ್ಕಿಂತ ಎಷ್ಟೋ ಪಟ್ಟು ಮೇಲೇಳುತ್ತದೆ. ಹಾಡು ಜೋರಾಗಿ ಕೇಳಲೆಂದು ಶಿಖರಗಳನ್ನು ಅದುಮುವ ಲಿಮಿಟರ್ ಹಾಕಿ ಮೈನಸ್ 8 ಎಲ್‌ಯುಎಫ್‌ಎಸ್‌ವರೆಗೆ (ಇದು ಹಾಡಿನ ಒಟ್ಟು ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ತಳ್ಳಿದರೆ ಪೆಟ್ಟಿನ ಮೊನೆ ಮುರಿದು, ಚಂಡೆ ತಗಡಿನ ಡಬ್ಬಿಯಾಗುತ್ತದೆ. ಲಾಭವೂ ಇಲ್ಲ: ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡನ್ನೂ ಸುಮಾರು ಮೈನಸ್ 14ಕ್ಕೆ ತಂದೇ ಕೇಳಿಸುತ್ತದೆ. ಅಲ್ಲೇ ನಿಲ್ಲಿಸಿ, ಶಿಖರ ಮೈನಸ್ 1 ಡೆಸಿಬೆಲ್ ಮೀರದಂತೆ ನೋಡಿಕೊಳ್ಳಿ. ಕಡತ 44.1 ಕಿಲೋಹರ್ಟ್ಸ್, 24 ಬಿಟ್ ವೇವ್ ಇರಲಿ. ವಾಟ್ಸ್‌ಆ್ಯಪಿನಲ್ಲಿ ಬಂದ ಎಂಪಿ3ಯನ್ನು ವೇವ್ ಮಾಡಿದರೆ ಗಾತ್ರ ಹೆಚ್ಚುತ್ತದೆಯೇ ಹೊರತು ಕಳೆದುಹೋದ ಧ್ವನಿ ಮರಳುವುದಿಲ್ಲ. ಮಜ್ಜಿಗೆಯಾದದ್ದು ಮತ್ತೆ ಮೊಸರಾದೀತೇ?

ಶ್ರುತಿಪೆಟ್ಟಿಗೆ ಆ್ಯಪು, ಸಿದ್ಧ ತಬಲಾ ಲೂಪು (ಮೊದಲೇ ಮುದ್ರಿಸಿಟ್ಟ, ಮರುಕಳಿಸುವ ತಾಳ) ಬಳಸಿದ್ದರೆ, ಒಂದೇ ಧ್ವನಿ ಎಲ್ಲೆಲ್ಲಿದೆ ಎಂದು ತಾನಾಗಿ ಹುಡುಕುವ ಯೂಟ್ಯೂಬಿನ ಕಂಟೆಂಟ್ ಐಡಿಗೆ ಹಾಡು ಕೊಡಬೇಡಿ. ಅದೇ ಲೂಪು ಬಳಸಿದ ಇನ್ನೊಬ್ಬರ ವಿಡಿಯೊ ಮೇಲೆ ನಿಮ್ಮ ಹೆಸರಿನಲ್ಲಿ ಕೃತಿಸ್ವಾಮ್ಯದ ತಕರಾರು ಬೀಳುತ್ತದೆ, ಇಲ್ಲವೇ ನಿಮ್ಮ ಮೇಲೆ ಅವರದ್ದು.

ಇನ್ನು ಗಳಿಕೆ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಕೇಳ್ವಿಕೆ. 2 ನಿಮಿಷದ ಗೀತೆಗೂ 25 ನಿಮಿಷದ ಹಾಲಕ್ಕಿ ಹಾಡಿಗೂ ಲೆಕ್ಕ ಒಂದೇ. 2024ರಿಂದ, ಹಿಂದಿನ 12 ತಿಂಗಳಲ್ಲಿ 1000 ಕೇಳ್ವಿಕೆ ದಾಟದ ಹಾಡಿಗೆ ಅಲ್ಲಿ ರಾಯಧನವೇ ಹುಟ್ಟುವುದಿಲ್ಲ. ತಾಳಮದ್ದಲೆಯಂಥ ಮೂರು ತಾಸಿನ ಮುದ್ರಣಕ್ಕೆ ಈ ಲೆಕ್ಕ ಒಗ್ಗುವುದಿಲ್ಲ. ಕಡತವನ್ನೇ ಮಾರುವ ಅಂಗಡಿ ಒಗ್ಗುತ್ತದೆ. ಅಂಥ ಅಂಗಡಿಯಾದ ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದ ಮೇಲೆ ಶೇ 15 ಹಿಡಿಯುತ್ತದೆ, ಹಣ ರವಾನೆಯ ಶುಲ್ಕ ಪ್ರತ್ಯೇಕ. ಬೆಲೆ ನಾವೇ ಇಡಬಹುದು, ಕೊಳ್ಳುವವರು ಹೆಚ್ಚು ಕೊಡಲೂಬಹುದು. ತೊಡಕೆಂದರೆ ಅಲ್ಲಿ ಹಣ ಬರುವುದು ಪೇಪಾಲ್ ಎಂಬ ಪಾವತಿ ಸೇವೆಯ ಮೂಲಕ, ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ಹಾಗಾಗಿ ಅದು ಹೊರದೇಶದ ನಮ್ಮವರಿಗೆ. ಕುಮಟಾ, ಬೆಂಗಳೂರಿನ ಅಭಿಮಾನಿಗಳಿಗೆ ಯುಪಿಐ ಕ್ಯೂಆರ್, ಡೌನ್‌ಲೋಡ್ ಕೊಂಡಿ. ಯಕ್ಷಗಾನ ನಡೆಯುವ ಬಯಲಿನಲ್ಲಾದರೆ ಪೆನ್‌ಡ್ರೈವ್. ಅಮೆರಿಕದ ವಿತರಕರ ಮೂಲಕ ಮಾರುವವರು ಅಲ್ಲಿನ ಡಬ್ಲ್ಯು-8ಬೆನ್ ಎಂಬ ತೆರಿಗೆ ನಮೂನೆಯಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಭಾರತದ ಜತೆಗಿನ ತೆರಿಗೆ ಒಪ್ಪಂದವನ್ನು ನಮೂದಿಸಿದರೆ ಅಲ್ಲಿನ ಗಳಿಕೆಯ ಮೇಲಿನ ತೆರಿಗೆ ಕಡಿತ ಶೇ 30ರಿಂದ 15ಕ್ಕೆ ಇಳಿಯುತ್ತದೆ.

ಪತ್ರಿಕೆಗೂ ಒಂದು ವಿನಂತಿ. ಹೊಸ ಧ್ವನಿಮುದ್ರಿಕೆಯ ಪರಿಚಯ ಹಾಕುವಾಗ ಮದ್ದಲೆ, ಚಂಡೆಯವರ ಹೆಸರನ್ನೂ, ಎಲ್ಲಿ ಕೊಂಡರೆ ಹಣ ನೇರ ಕಲಾವಿದರಿಗೆ ಸೇರುತ್ತದೆ ಎಂಬುದನ್ನೂ ಕೊನೆಯ ಸಾಲಿನಲ್ಲಿ ಸೇರಿಸಿ.

ಇತಿ,
ಧ್ವನಿಮುದ್ರಣ ತಂತ್ರಜ್ಞರಿಬ್ಬರು, ಶಿರಸಿ