ಸೂರ್ಯದಲ್ಲಿ ಇಟ್ಟ ಮಣ್ಣಿನ ಕಾಲು

ಪ್ರೀತಿಯ ಮಾರಾಯ,

"ಈ ಸಲವಾದರೂ ಸೈಕಲ್ಲಿನಲ್ಲಿ ಚಾರ್ಮಾಡಿ ಘಾಟಿ ಹತ್ತುವುದಾ?" ಅಂತ ನೀನು ಮೊನ್ನೆ ಕೇಳಿದೆ. ನಾನು ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾದೆ. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಅದಕ್ಕೆ ಸರಿಯಾದ ಉತ್ತರ ಈ ಕಾಗದ. ಫೋನಿನಲ್ಲಾದರೆ ಮಾತು ಬೇರೆ ಕಡೆ ತಿರುಗಿಸಿಬಿಡುತ್ತೇನೆ, ನಿನಗೆ ಗೊತ್ತಲ್ಲ. ನಾಲ್ಕು ಜನರ ಎದುರು ಬರೆದರೆ ಹಿಂದೆ ಸರಿಯಲು ಆಗುವುದಿಲ್ಲ. ಘಟ್ಟದ ಬುಡದ ಒಳರಸ್ತೆಗಳ ಬಗ್ಗೆ ಬರೆಯಿರಿ ಅಂತ ಸೈಕಲ್ಲಿನವರು ಸುಮಾರು ಮಂದಿ ಕೇಳುತ್ತಲೂ ಇದ್ದರು. ಅದೂ ಇದರಲ್ಲೇ ಆಗಲಿ.

ದಾರಿ ಹೀಗೆ. ಉಜಿರೆಯಲ್ಲಿ ಹೆದ್ದಾರಿ ಬಿಟ್ಟು ಸೂರ್ಯ ಅನ್ನುವ ಊರಿನ ದೇವಸ್ಥಾನದ ಕಡೆ ತಿರುಗುವುದು. ಅಲ್ಲಿಂದ ನಡ, ಇಂದಬೆಟ್ಟು, ಬಂಗಾಡಿ, ಕಿಲ್ಲೂರು, ಕಾಜೂರು. ಕೊನೆಗೆ ದಿಡುಪೆ. ಅಷ್ಟರಲ್ಲಿ ಘಟ್ಟ ಎದುರಿಗೇ ಬಂದು ನಿಂತಿರುತ್ತದೆ, ಕತ್ತು ಎತ್ತಿ ನೋಡಬೇಕು.

ಗಡಾಯಿಕಲ್ಲು ಅನ್ನುವ ಬಂಡೆಗುಡ್ಡ ಈ ದಾರಿಯಲ್ಲಿ ಬಹಳ ಹೊತ್ತು ಜೊತೆಗಿರುತ್ತದೆ. ನರಸಿಂಹಗಡ ಅಂತಿದ್ದದ್ದನ್ನು 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿ ಜಮಾಲಾಬಾದ್ ಮಾಡಿದ. ನನಗೆ ಮಾತ್ರ ಅದು ಪ್ರತಿ ತಿರುವಿಗೂ ರೂಪ ಬದಲಿಸುವ ಕಲ್ಲು. ನಡದ ಗದ್ದೆಯ ಹತ್ತಿರ ನೋಡಿದರೆ ನೆಟ್ಟಗೆ ನಿಂತ ಗೋಡೆ. ಸ್ವಲ್ಪ ಮುಂದೆ ಹೋದರೆ ಮಲಗಿದ ಎಮ್ಮೆಯ ಬೆನ್ನು. ರಬ್ಬರ್ ತೋಟದೊಳಗೆ ಹೊಕ್ಕಾಗ ಕಾಣೆಯಾಗುತ್ತದೆ. ಆಚೆ ಬಂದರೆ ನಿನ್ನ ಬೆನ್ನ ಹಿಂದೆ ಇರುತ್ತದೆ.

ರಸ್ತೆ ಸಮತಟ್ಟಿಲ್ಲ. ಬೆಟ್ಟದಿಂದ ಬರುವ ಒಂದೊಂದು ತೋಡಿಗೂ ಒಂದು ಇಳಿಜಾರು, ದಾಟಿದ ಮೇಲೆ ಒಂದು ಚಡಾವು. ಯಾವುದೂ ದೊಡ್ಡದಲ್ಲ. ಆದರೆ ಮುಗಿಯುವುದೇ ಇಲ್ಲ. ನೆರಳಿರುವಲ್ಲಿ ಕಾಂಕ್ರೀಟಿನ ಮೇಲೆ ಪಾಚಿ ಇರುತ್ತದೆ, ಅಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡ. ನಿನ್ನ 25 ಮಿಲಿಮೀಟರಿನ ತೆಳು ಟಯರ್ ಮನೆಯಲ್ಲೇ ಇರಲಿ. 32 ಹಾಕಿಕೊಂಡು ಬಾ, ಗಾಳಿ ಸ್ವಲ್ಪ ಕಡಿಮೆಯೇ ಇರಲಿ.

ಬೆಳಗ್ಗೆ ಆರೂವರೆಗೆ ಹೊರಟರೆ ಸಿಗುವುದು ಹಾಲಿನ ಕ್ಯಾನ್ ಹಿಡಿದು ಸೊಸೈಟಿಗೆ ನಡೆಯುವವರು. ರಬ್ಬರ್ ಮರದ ಬುಡದಲ್ಲಿ ಚಿರಟೆ ಸರಿ ಮಾಡುತ್ತಿರುವವರು. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ದಿನ ರಸ್ತೆಬದಿಯ ಹುಲ್ಲಿಗೂ ಮೈಲುತುತ್ತಿನ ನೀಲಿ ಹನಿ ಬಿದ್ದಿರುತ್ತದೆ. ಪೆಡಲ್ ನಿಲ್ಲಿಸಿದರೆ ಹಿಂದಿನ ಚಕ್ರದ ಟಿಕ್ ಟಿಕ್ ಕೇಳುತ್ತದೆ. ಅದೂ ನಿಂತರೆ ತೋಡಿನ ನೀರು.

ದಿಡುಪೆಯ ಹತ್ತಿರ ನೇತ್ರಾವತಿ ಇನ್ನೂ ಸಣ್ಣವಳು. 2019ರ ಆಗಸ್ಟಿನಲ್ಲಿ ಹಾಗಿರಲಿಲ್ಲ. ಗುಡ್ಡ ಜರಿದು, ನೀರಿನ ಜೊತೆ ಮರ, ಕಲ್ಲು, ಮರಳು ಎಲ್ಲ ಇಳಿದು ಬಂದದ್ದು ನಿನಗೂ ನೆನಪಿರಬೇಕು. ನಾವಿಬ್ಬರೂ ಅಕ್ಕಿ ಚೀಲ ಹೊತ್ತು ಹೋಗಿದ್ದೆವಲ್ಲ. (ಚೀಲದ ಕಥೆ ಇಲ್ಲಿ ಬೇಡ.) ಕಳೆದ ಮಳೆಗಾಲದಲ್ಲಿ ಅಲ್ಲೊಂದು ಮನೆಯ ಜಗಲಿಯಲ್ಲಿ ಮಳೆಗೆ ನಿಂತಿದ್ದೆ. ಅಜ್ಜಿಯೊಬ್ಬರು ಬೆಲ್ಲ, ನೀರು ಕೊಟ್ಟರು. ತೋಟದ ಕಡೆ ಕೈ ತೋರಿಸಿ, ಅಲ್ಲಿಯವರೆಗೆ ಮರಳು ಕೂತಿತ್ತು ಅಂದರು. ಆಮೇಲೆ, "ಮಳೆ ಜೋರಾದರೆ ನನಗೆ ಈಗಲೂ ನಿದ್ದೆ ಇಲ್ಲ ಮಗಾ, ಹೆದರಿಕೆ" ಅಂದರು. ಎಷ್ಟು ಸಲೀಸಾಗಿ ಹೇಳಿದರು ಗೊತ್ತಾ? ಬಾಯಾರಿಕೆ ಆಗಿದೆ ಅನ್ನುವ ಹಾಗೆ. ಹೇಳಿ ಮುಗಿಸಿ ಲೋಟ ತೆಗೆದುಕೊಂಡು ಒಳಗೆ ಹೋದರು.

ಆ ಮಾತು ನನ್ನನ್ನು ಬಿಟ್ಟಿಲ್ಲ.

ಅವತ್ತು ವಾಪಸು ಬರುವಾಗ ಕಾಜೂರಿನ ಈಚೆ ಹಿಂದೆ ಒಂದು ಜೀಪು ಬರುವ ಸದ್ದು ಕೇಳಿತು. ತುಂಬಾ ದೂರದಲ್ಲಿತ್ತು. ಚಡಾವಿನಲ್ಲಿ ಗೇರ್ ಇಳಿಸಿದ್ದು ಸ್ಪಷ್ಟ ಕೇಳಿತು. ನಾನು ಸೈಕಲ್ ಇಳಿದೆ. ರಸ್ತೆ ಬಿಟ್ಟು ಚರಂಡಿಯ ಆಚೆ, ಸೈಕಲನ್ನು ಮೈಗೆ ಒತ್ತಿಕೊಂಡು ನಿಂತೆ. ಜೀಪು ಹತ್ತಿರ ಬಂದು ನಿಂತಿತು. "ದಾನೆ ಆಂಡ್?" ಏನಾಯಿತು ಅಂತ ಡ್ರೈವರ್ ತುಳುವಿನಲ್ಲಿ ಕೇಳಿದ. ಪಂಕ್ಚರ್ ಆಗಿದ್ದರೆ ಹಿಂದೆ ಹಾಕಿ, ಬಂಗಾಡಿಯಲ್ಲಿ ಬಿಡುತ್ತೇನೆ ಅಂದ. ಏನೂ ಆಗಿಲ್ಲ, ಸುಮ್ನೆ ನಿಂತದ್ದು ಅಂದೆ. ಅವನು ಚಕ್ರ ನೋಡಿದ, ನನ್ನ ಮುಖ ನೋಡಿದ, ಹೋದ. ನನ್ನ ಅಂಗೈ ಒದ್ದೆಯಾಗಿತ್ತು.

ಇದು ಒಂದು ದಿನದ ಕಥೆಯಲ್ಲ ಮಾರಾಯ. ಎರಡು ವರ್ಷದಿಂದ ಪ್ರತಿ ಸಲ ಹೀಗೇ.

ನಿನಗೆ ಹೇಳದೇ ಇದ್ದದ್ದು ಇದು. ಎರಡು ವರ್ಷದ ಹಿಂದೆ, ಒಬ್ಬನೇ ಮುಂಡಾಜೆಯಿಂದ ಉಜಿರೆಗೆ ಬರುತ್ತಿದ್ದೆ. ತಿರುವಿನಲ್ಲಿ ಒಂದು ಬಸ್ಸು ಓವರ್‌ಟೇಕ್ ಮಾಡಿತು. ಅದರ ಮೈ ನನ್ನ ಹ್ಯಾಂಡಲ್ಲಿಗೆ ತಾಗಿತೋ, ಗಾಳಿಗೇ ಬಿದ್ದೆನೋ ಗೊತ್ತಿಲ್ಲ. ಮಣ್ಣಿನ ಮೇಲೆ ಬಿದ್ದಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಇಲ್ಲ. ಸೈಕಲ್ಲಿಗೂ ಏನಿಲ್ಲ. ಎದ್ದು, ಚೈನ್ ಹಾಕಿಕೊಂಡು ಮನೆಗೆ ಬಂದೆ. ಏನೂ ಆಗಲಿಲ್ಲ ಅನ್ನುವುದನ್ನು ಯಾರಿಗೆ ಅಂತ ಹೇಳುವುದು? ಮರುವಾರ ಹೆದ್ದಾರಿಗೆ ಇಳಿದೆ, ಐವತ್ತು ಮೀಟರ್ ಹೋದೆ, ಹಿಂದೆ ಹಾರ್ನ್ ಕೇಳಿತು. ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ.

ನೀನು ಚಾರ್ಮಾಡಿಗೆ ಕರೆದದ್ದು ಅದೇ ತಿಂಗಳು. ಮಂಡಿ ನೋವು ಅಂದೆ. ಅದು ಸುಳ್ಳು. ನೀನು ಮೈಸೂರಿನಿಂದ ಎಣ್ಣೆ ಕಳಿಸಿದೆ. ಬಾಟಲಿಯ ಮುಚ್ಚಳ ಇನ್ನೂ ತೆಗೆದಿಲ್ಲ. ಆಮೇಲಿನ ಮದುವೆ, ಮಳೆ, ಆಫೀಸಿನ ಕೆಲಸ, ಅವೂ ಅದೇ ಜಾತಿ. ಕ್ಷಮಿಸು.

ಒಳರಸ್ತೆ ಹಿಡಿದದ್ದು ಅದಕ್ಕೇ. ನನಗೆ ನಿಶ್ಶಬ್ದ ಇಷ್ಟ ಅಂತ ಎಲ್ಲರೂ ನಂಬಿದ್ದಾರೆ. ಇಷ್ಟ ಇದೆ, ಅದು ಸುಳ್ಳಲ್ಲ. ಆದರೆ ಮೊದಲ ಕಾರಣ ಅದಲ್ಲ. ಅಲ್ಲಿ ಗಾಡಿ ಬರುವುದು ಅರ್ಧ ಕಿಲೋಮೀಟರ್ ಮೊದಲೇ ಕೇಳುತ್ತದೆ. ಇಳಿದು ನಿಲ್ಲಲು ಸಮಯ ಇರುತ್ತದೆ. ಹೋದ ತಿಂಗಳು ನನ್ನ ಮ್ಯಾಪ್ ನೋಡಿ, "ಸುತ್ತು ಯಾಕೆ ಕೂಡುವುದಿಲ್ಲ? ಯಾವಾಗಲೂ ಕೊಕ್ಕೆಯ ಹಾಗಿದೆ" ಅಂದೆಯಲ್ಲ. ದಿಡುಪೆಯಿಂದ ಕಡಿರುದ್ಯಾವರದ ಮೇಲೆ ಸೋಮಂತಡ್ಕಕ್ಕೆ ಬಂದರೆ, ಮತ್ತೆ ಉಜಿರೆಗೆ ಹೆದ್ದಾರಿ. ಹತ್ತು ಕಿಲೋಮೀಟರ್ ಕೂಡ ಇಲ್ಲ. ಆ ತುಂಡಿಗಾಗಿ ನಾನು ಬಂದ ದಾರಿಯಲ್ಲೇ ಇಡೀ ದೂರ ತಿರುಗಿ ಬರುತ್ತೇನೆ. ಮಳೆ ಬಿಟ್ಟ ದಿನ ಆ ಕಡೆಯಿಂದ ಬಂಡಾಜೆ ಅರ್ಬಿ ಜಲಪಾತ ಬಿಳಿ ನೂಲಿನ ಹಾಗೆ ಕಾಣುತ್ತದೆ. ಎರಡು ವರ್ಷದಿಂದ ಅದನ್ನೂ ನೋಡಿಲ್ಲ.

ಇಷ್ಟು ಬರೆಯಬೇಕು ಅಂತ ಕೂತವನಲ್ಲ ನಾನು. ಬರೆಸಿದ್ದು ಅಮ್ಮ.

ಮಂಡಿ ನೋವಿನ ಸುಳ್ಳನ್ನು ಮನೆಯಲ್ಲೂ ಹೇಳಿದ್ದೆ. ಅಮ್ಮ ನನಗೆ ಗೊತ್ತಿಲ್ಲದೆ ಸೂರ್ಯದ ದೇವರಿಗೆ ಹರಕೆ ಹೇಳಿಕೊಂಡಿದ್ದರು. ನಾನು ಮತ್ತೆ ಸೈಕಲ್ ಹತ್ತಿ ದಿಡುಪೆಗೆ ಹೋಗಿ ಬರುವುದು ನೋಡಿ, ನೋವು ವಾಸಿಯಾಯಿತು, ಹರಕೆ ಬಾಕಿ ಇಡಬಾರದು ಅಂದುಕೊಂಡರು. ಹೋದ ಸೋಮವಾರ "ಸೂರ್ಯಕ್ಕೆ ಬಿಡು" ಅಂದರು. ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಅಲ್ಲಿ ಹರಕೆ ತೀರಿಸುವುದು, ಬೇಡಿಕೊಂಡದ್ದರ ಮಣ್ಣಿನ ರೂಪ ಒಪ್ಪಿಸಿ. ದೇವಸ್ಥಾನದಲ್ಲಿ ನನ್ನ ಕೈಗೆ ಕೊಟ್ಟದ್ದು ಒಂದು ಮಣ್ಣಿನ ಕಾಲು.

ಒಂದು ಗೇಣು ಉದ್ದ. ಸುಟ್ಟ ಕೆಂಪು ಮಣ್ಣು. ಅಂದುಕೊಂಡದ್ದಕ್ಕಿಂತ ಭಾರ. ಬೆರಳುಗಳಿಗೆ ಕಡ್ಡಿಯಲ್ಲಿ ಗೀರು ಹಾಕಿದ್ದರು. ಮಂಡಿಯ ಜಾಗದಲ್ಲಿ ಸ್ವಲ್ಪ ಮಣ್ಣು ಸೇರಿಸಿ ಒತ್ತಿದ್ದರು, ಕುಂಬಾರರ ಹೆಬ್ಬೆರಳಿನ ಗೆರೆ ಅಲ್ಲೇ ಮೂಡಿತ್ತು. ನನ್ನ ಹೆಬ್ಬೆರಳು ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಪೂಜೆ ಆಯಿತು. ಹರಕೆ ಬನಕ್ಕೆ ನಡೆದೆವು. ಅಲ್ಲಿ ಸಾಲುಸಾಲು ಮನೆ, ತೊಟ್ಟಿಲು, ದನ, ಕೈ, ಮಗು. ಹಳೆಯವಕ್ಕೆ ಪಾಚಿ ಹಿಡಿದು, ಅಂಚು ಕರಗಿ, ಯಾವುದು ಏನು ಅಂತ ಗೊತ್ತಾಗದ ಹಾಗಿವೆ. "ನೀನೇ ಇಡು" ಅಂದರು ಅಮ್ಮ. ಇಟ್ಟೆ. ಅವರು ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಏನೂ ಆಗದ ಮಂಡಿ, ಅದಕ್ಕೆ ಎರಡು ವರ್ಷದ ಪ್ರಾರ್ಥನೆ. ನಾನು ಅಮ್ಮನ ಮುಖ ನೋಡಲಿಲ್ಲ.

ಅಜ್ಜಿಯ ಮಾತು ಅಲ್ಲಿ ಮತ್ತೆ ನೆನಪಾಯಿತು. ನನಗೆ ಹೆದರಿಕೆ ಆಗುತ್ತದೆ ಅಂತ ಮೊದಲ ದಿನವೇ ಹೇಳಿದ್ದರೆ ಆಗುತ್ತಿತ್ತು, ಅಲ್ವಾ?

ರಾತ್ರಿ ಊಟ ಆದ ಮೇಲೆ ಹೇಳಿದೆ. ಬಸ್ಸು, ಮಂಡಿ, ಎಲ್ಲ. ಅಮ್ಮ ಬೈಯಲಿಲ್ಲ. ಮೊಣಕೈ ತೋರಿಸು ಅಂದರು, ಎರಡು ವರ್ಷದ ಹಿಂದಿನ ಗಾಯ. ನೋಡಿದರು, ಸವರಿದರು. ಸುಮಾರು ಹೊತ್ತು ಏನೋ ಯೋಚನೆ ಮಾಡಿ, "ಹೆದರಿಕೆಗೆ ಎಂತದ್ದು ಮಾಡಿಸುವುದು?" ಅಂದರು. ನನಗೆ ಗೊತ್ತಾಗಲಿಲ್ಲ. ಪಾತ್ರೆ ತೊಳೆದು ಬಂದು ಅವರೇ ಹೇಳಿದರು: "ಬಸ್ಸೇ ಮಾಡಿಸುವ."

ಹಾಗಾಗಿ ಈಗ ನಮ್ಮ ಮನೆಯ ಲೆಕ್ಕದಲ್ಲಿ ಒಂದು ಮಣ್ಣಿನ ಬಸ್ಸು ಬಾಕಿ ಇದೆ. ನೀನು ಡಿಸೆಂಬರಿನಲ್ಲಿ ಬಾ. ಚಾರ್ಮಾಡಿ ಬೇಡ, ಕೊಟ್ಟಿಗೆಹಾರದ ನೀರುದೋಸೆ ಇನ್ನೊಂದು ವರ್ಷ ಕಾಯಲಿ. ನಾವು ದಿಡುಪೆಗೆ ಹೋಗುವ. ವಾಪಸು ಬರುವುದು ಸೋಮಂತಡ್ಕದ ಮೇಲೆ. ಆ ಹೆದ್ದಾರಿಯ ತುಂಡಿನಲ್ಲಿ ನೀನು ನನ್ನ ಹಿಂದೆ ಇರು, ಮಾತಾಡುತ್ತಾ ಇರು. ಏನು ಬೇಕಾದರೂ ಮಾತಾಡು, ನಿನ್ನ ಹಾವೇರಿಯ ಟೆಂಟಿನ ಕಥೆಯೂ ಆಗಬಹುದು. ಉಜಿರೆಯಲ್ಲಿ ಗೋಳಿಬಜೆ ನನ್ನ ಲೆಕ್ಕ. ಆದರೆ ಹನ್ನೊಂದನೆಯದ್ದು ಯಾರು ತಿಂದದ್ದು ಅಂತ ಮತ್ತೆ ಶುರು ಮಾಡಬೇಡ.

ಎಣ್ಣೆಯ ಬಾಟಲಿ ಅಮ್ಮನಿಗೆ ಕೊಟ್ಟೆ. ಅವರ ಮಂಡಿ ನಿಜವಾಗಿಯೂ ನೋಯುತ್ತದೆ.

ನಿನ್ನವ