ಅಮ್ಮ, ನೀನು ಚುನಾವಣೆಗೆ ನಿಲ್ಲಬೇಕು

ಪರ್ತ್, ಪಶ್ಚಿಮ ಆಸ್ಟ್ರೇಲಿಯಾ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಅಪ್ಪನ ಮೊಣಕಾಲು ನೋವು ಇಳಿದಿದೆಯೆಂದು ಅಣ್ಣ ಹೇಳಿದ, ಸಮಾಧಾನವಾಯಿತು. ಇನ್ನೊಂದು ಸುದ್ದಿಯನ್ನೂ ಅವನೇ ಹೇಳಿದ. ಸ್ವಸಹಾಯ ಸಂಘದವರು ಮನೆಗೆ ಬಂದು, ಈ ಸಲ ಗ್ರಾಮ ಪಂಚಾಯಿತಿಗೆ ನೀನೇ ನಿಲ್ಲಬೇಕೆಂದು ಕೇಳಿಕೊಂಡರಂತೆ. ನೀನು, ಈ ವಯಸ್ಸಿನಲ್ಲಿ ನನಗೇಕೆ ರಾಜಕೀಯ ಎಂದು ಅವರಿಗೆ ಕಾಫಿ ಕೊಟ್ಟು ಕಳುಹಿಸಿದೆಯಂತೆ. ಫೋನಿನಲ್ಲಿ ಕೇಳಿದರೆ ಮಾತು ಮರೆಸುತ್ತೀಯೆ. ಅದಕ್ಕೇ ಕಾಗದ ಹಿಡಿದು ಕುಳಿತಿದ್ದೇನೆ. ಪೂರ್ತಿ ಓದು.

ಇಲ್ಲಿನ ಐವತ್ತು ಡಾಲರ್ ನೋಟಿನ ಒಂದು ಬದಿಯಲ್ಲಿ ಒಬ್ಬ ಹೆಂಗಸಿನ ಚಿತ್ರವಿದೆ. ಹೆಸರು ಈಡಿತ್ ಕೌವನ್. ಆಸ್ಟ್ರೇಲಿಯಾದ ಶಾಸನಸಭೆಗಳಿಗೆ ಆಯ್ಕೆಯಾದ ಮಹಿಳೆಯರಲ್ಲಿ ಮೊದಲಿಗರು, ಅದೂ ನಾವಿರುವ ಈ ಪರ್ತಿನಿಂದ. 1921ರ ಮಾರ್ಚ್ 12ರಂದು ವೆಸ್ಟ್ ಪರ್ತ್ ಕ್ಷೇತ್ರದಲ್ಲಿ ಗೆದ್ದಾಗ ಅವರಿಗೆ 59 ವರ್ಷ, ಐದು ಮಕ್ಕಳ ತಾಯಿ. ಈ ವಯಸ್ಸನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿನ್ನ ನೆಪ ಅದೇ.

ಅವರ ಬಾಲ್ಯದ ಕಥೆ ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. 1861ರಲ್ಲಿ ಜೆರಾಲ್ಡ್‌ಟನ್ ಹತ್ತಿರದ ಕುರಿ ಸಾಕಣೆಯ ಜಮೀನಿನಲ್ಲಿ ಹುಟ್ಟಿದವರು. ಏಳು ವರ್ಷವಾಗುವಾಗ ತಾಯಿ ಹೆರಿಗೆಯಲ್ಲಿ ತೀರಿಕೊಂಡರು. ಮಗುವನ್ನು ಪರ್ತಿನ ವಸತಿ ಶಾಲೆಗೆ ಸೇರಿಸಿದರು. ತಂದೆ ಮತ್ತೆ ಮದುವೆಯಾದರು. ಕೊನೆಗೆ ಎರಡನೆಯ ಹೆಂಡತಿಯನ್ನು ಗುಂಡಿಟ್ಟು ಕೊಂದು, 1876ರಲ್ಲಿ ಗಲ್ಲಿಗೇರಿದರು. ಹುಡುಗಿಗೆ ಆಗ ಹದಿನಾಲ್ಕು. ಊರು ಚಿಕ್ಕದು, ಎಲ್ಲರಿಗೂ ಎಲ್ಲವೂ ಗೊತ್ತು. ಅಂಥ ಕಡೆ ತಲೆಯೆತ್ತಿ ನಡೆಯುವುದೇ ಕಷ್ಟ. ಈಕೆ ಮುಂದೆ ಅದೇ ನಗರದ ಮಕ್ಕಳ ನ್ಯಾಯಾಲಯದಲ್ಲಿ ನ್ಯಾಯಪೀಠದ ಮೇಲೆ ಕುಳಿತರು.

ಮದುವೆಯಾದದ್ದು ಹದಿನೆಂಟನೆಯ ವಯಸ್ಸಿನಲ್ಲಿ, ತಾನು ಓದಿದ ಶಾಲೆ ನಡೆಸುತ್ತಿದ್ದವರ ಸಹೋದರ ಜೇಮ್ಸ್ ಕೌವನ್ ಅವರನ್ನು. ಅವರು ಮುಂದೆ ಪೊಲೀಸ್ ಮ್ಯಾಜಿಸ್ಟ್ರೇಟ್ ಆದರು. ಗಂಡನ ಕೋರ್ಟಿಗೆ ಬರುವವರ ಪಾಡು ಹೆಂಡತಿಯ ಕಣ್ಣಿಗೂ ಬಿತ್ತು. 1894ರಲ್ಲಿ ಪರ್ತಿನ ಹೆಂಗಸರು ಸೇರಿ ಕರ್ರಾಕಟ್ಟಾ ಕ್ಲಬ್ ಕಟ್ಟಿದಾಗ ಈಕೆಯೂ ಇದ್ದರು. ಓದುವುದು, ಚರ್ಚಿಸುವುದು, ಸಭೆಯಲ್ಲಿ ಅಂಜದೆ ಮಾತನಾಡುವುದು, ಇವನ್ನೆಲ್ಲ ಅವರು ಕಲಿತದ್ದು ಅಲ್ಲಿ. ಆಮೇಲೆ ಮಕ್ಕಳ ರಕ್ಷಣೆಯ ಸಂಘ, 1907ರಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ನ್ಯಾಯಾಲಯ, ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಮನೆ. ವರ್ಷಗಟ್ಟಲೆ ಬೆನ್ನು ಹತ್ತಿದ ಹೆರಿಗೆ ಆಸ್ಪತ್ರೆ 1916ರಲ್ಲಿ ಬಾಗಿಲು ತೆರೆಯಿತು. ಕಿಂಗ್ ಎಡ್ವರ್ಡ್ ಸ್ಮಾರಕ ಆಸ್ಪತ್ರೆ ಎಂದು ಅದರ ಹೆಸರು. ಹೆರಿಗೆಯಲ್ಲಿ ತಾಯಿಯನ್ನು ಕಳೆದುಕೊಂಡ ಮಗುವೇ ಇದಕ್ಕಾಗಿ ಓಡಾಡಿದ್ದು, ಅಮ್ಮ.

ಈ ರಾಜ್ಯದಲ್ಲಿ ಹೆಂಗಸರಿಗೆ ಮತದ ಹಕ್ಕು 1899ರಲ್ಲೇ ಸಿಕ್ಕಿತ್ತು. ಆದರೆ ಶಾಸನಸಭೆಗೆ ನಿಲ್ಲಲು 1920ರ ತನಕ ಕಾಯಬೇಕಾಯಿತು. ಮೂಲನಿವಾಸಿಗಳಂತೂ ಮತದ ಹಕ್ಕಿಗೇ 1962ರ ತನಕ ಕಾದರು. ಇಲ್ಲಿಯವರು ಈ ಮಾತನ್ನು ಮೆತ್ತಗೆ ಹೇಳುತ್ತಾರೆ, ಗಟ್ಟಿಯಾಗಿ ಹೇಳಬೇಕೆಂದು ನನಗನಿಸುತ್ತದೆ.

ಹೆಂಗಸರು ಸ್ಪರ್ಧಿಸಬಹುದೆಂಬ ಮಸೂದೆಯನ್ನು ಸಭೆಯ ಮುಂದಿಟ್ಟವರು ಅಟಾರ್ನಿ ಜನರಲ್ ಥಾಮಸ್ ಡ್ರೇಪರ್. ಮರುವರ್ಷವೇ ಅವರದೇ ಕ್ಷೇತ್ರದಲ್ಲಿ ಈಡಿತ್ ನಿಂತರು, ಅವರನ್ನೇ 46 ಮತಗಳಿಂದ ಸೋಲಿಸಿದರು. ನಮ್ಮ ಓಣಿಯಲ್ಲಿ ಇರುವಷ್ಟೂ ಮತ ಅಲ್ಲ ಅದು! ಆ ಕಾಲದ ಶಾಸನಸಭೆ ಹೆಂಗಸರಿಗೆ ಕಬ್ಬಿಣದ ಕಡಲೆಯಾಗಿತ್ತು. ಅದರ ಗುರುತಿಗೆಂದು ಅವರು ಇಲ್ಲಿನ ನೀಲಗಿರಿ ಮರದ ಗಟ್ಟಿ ಕಾಯಿಯ ಆಕಾರದಲ್ಲಿ, ಉಡುಪಿಗೆ ಸಿಕ್ಕಿಸಿಕೊಳ್ಳುವ ಒಂದು ಬ್ರೂಚ್ ಮಾಡಿಸಿಕೊಂಡಿದ್ದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರ ಮೊದಲ ಭಾಷಣ. 1921ರ ಜುಲೈ 28. ಸಭೆಯಲ್ಲಿ ಉಳಿದವರೆಲ್ಲ ಗಂಡಸರು. ಅಲ್ಲಿ ನಿಂತು ಆಕೆ ಎತ್ತಿದ ವಿಷಯಗಳಲ್ಲಿ ಒಂದು, ರೈಲಿನಲ್ಲಿ ಮಗುವಿನ ತಳ್ಳುಗಾಡಿ ಒಯ್ಯಲು ಇಲಾಖೆ ವಸೂಲು ಮಾಡುತ್ತಿದ್ದ ದುಡ್ಡು. ಬಡ ತಾಯಿ ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ಗಂಟುಮೂಟೆ ಹಿಡಿದು ಬೀದಿಯುದ್ದ ನಡೆಯಬೇಕೇ ಎಂಬುದು ಅವರ ಪ್ರಶ್ನೆ. ದೊಡ್ಡ ಸಭೆಯಲ್ಲಿ ಇದೇನು ಸಣ್ಣ ಮಾತು ಎಂದು ಯಾರಾದರೂ ಅಂದುಕೊಂಡಿರಬಹುದು. ಆದರೆ ಮಗುವನ್ನು ಹೊತ್ತು ನಡೆದವಳಿಗೆ ಅದು ಸಣ್ಣದಲ್ಲ. ತಾಲ್ಲೂಕು ಆಸ್ಪತ್ರೆಗೆ ಬೆಳಗಿನ ಬಸ್ ಇಲ್ಲವೆಂದು ನೀನು ಎಷ್ಟು ವರ್ಷದಿಂದ ಹೇಳುತ್ತಿದ್ದೀಯೆ? ತುಂಬಿದ ಬಸುರಿಯರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋದವಳು ನೀನು. ಪಂಚಾಯಿತಿಯಲ್ಲಿ ಅದನ್ನು ನಿನಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಅದೇ ಭಾಷಣದಲ್ಲಿ ಅವರು, ಇಲ್ಲಿ ಒಬ್ಬಳೇ ಹೆಂಗಸಾಗಿರುವುದು ದೊಡ್ಡ ಹೊಣೆ, ಬೇರೆ ಹೆಂಗಸರೂ ಇಲ್ಲಿಗೆ ಬರಬೇಕಾದ ಅಗತ್ಯವಿದೆ ಎಂದರು.

ಮೂರೇ ವರ್ಷದ ಅವಧಿ. ಅಷ್ಟರಲ್ಲಿ ಎರಡು ಕಾನೂನು ತಂದರು. ಉಯಿಲು ಬರೆಯದೆ ಮಕ್ಕಳು ತೀರಿಕೊಂಡರೆ ಅವರ ಆಸ್ತಿಯಲ್ಲಿ ತಾಯಿಗೂ ತಂದೆಯಷ್ಟೇ ಪಾಲು ಎಂಬುದು ಒಂದು. ಹೆಂಗಸು ಎಂಬ ಕಾರಣಕ್ಕೆ ಯಾರನ್ನೂ ವಕೀಲಿ ಮುಂತಾದ ವೃತ್ತಿಗಳಿಂದ ದೂರ ಇಡುವಂತಿಲ್ಲ ಎಂಬ 1923ರ ಕಾಯಿದೆ ಇನ್ನೊಂದು. ಪಕ್ಷದ ಮಾತಿಗೆಲ್ಲ ತಲೆಯಾಡಿಸುವ ಜಾಯಮಾನ ಅವರದಾಗಿರಲಿಲ್ಲ. 1924ರಲ್ಲಿ ಸೋತರು, 1927ರಲ್ಲಿ ಮತ್ತೆ ನಿಂತು ಮತ್ತೆ ಸೋತರು. 1932ರಲ್ಲಿ ತೀರಿಕೊಂಡರು. ಎರಡು ವರ್ಷದ ಬಳಿಕ ಕಿಂಗ್ಸ್ ಪಾರ್ಕ್ ಬಾಗಿಲಲ್ಲಿ ಅವರ ಹೆಸರಿನ ಗಡಿಯಾರ ಗೋಪುರ ಎದ್ದಿತು, ಅದಕ್ಕೂ ವಿರೋಧವಿತ್ತು.

ಸೋಲುತ್ತೇನೆಂದು ನಿನಗೆ ಹಿಂಜರಿಕೆಯೇ? ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಅಲ್ಪ ಮತಗಳಿಂದ ಸೋತವರೇ. ಸೋಲು ಅವರ ಕೆಲಸವನ್ನು ನಿಲ್ಲಿಸಲಿಲ್ಲ. ನಿಮ್ಮ ವಾರ್ಡಿನಲ್ಲಿ ನೀನು ಬೇಡವೆಂದರೆ ಯಾರದೋ ಹೆಂಡತಿಯ ಹೆಸರಿನಲ್ಲಿ ಗಂಡ ಅಧಿಕಾರ ನಡೆಸುತ್ತಾನೆ. ಅದನ್ನು ನೀನೇ ಎಷ್ಟು ಸಲ ಬೈದಿದ್ದೀಯೆ.

ಸಂಘದವರನ್ನು ಮತ್ತೊಮ್ಮೆ ಕರೆಸಿ ಮಾತನಾಡು. ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರು ಸರಿಯಾಗಿದೆಯೇ ಎಂದು ಈ ವಾರವೇ ಅಣ್ಣ ಹೋಗಿ ನೋಡಿಕೊಂಡು ಬರಲಿ. ಕರಪತ್ರದ ಖರ್ಚು ನನ್ನದು. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಪ್ರೀತಿಯ ಮಗಳು