ಮೃಗದ ಗುರುತು ಹುಡುಕುವವರು ನಾಲಿಗೆಯನ್ನೂ ನೋಡಿಕೊಳ್ಳಲಿ

ಮಾನ್ಯ ಸಂಪಾದಕರೇ,

ಎಲ್ಲೋ ಒಂದು ಯುದ್ಧ ಶುರುವಾದರೆ ಸಾಕು, ಭೂಕಂಪದ ಸುದ್ದಿ ಬಂದರೆ ಸಾಕು, ಕ್ರೈಸ್ತರಾದ ನಮ್ಮ ಫೋನುಗಳಿಗೆ ಬಿಡುವೇ ಇರುವುದಿಲ್ಲ. ಕರ್ತನಾದ ಯೇಸು ತಿರುಗಿ ಬರುವ ಕಾಲ ಬಾಗಿಲಲ್ಲೇ ಇದೆ, ಇಂಥ ತಿಂಗಳೊಳಗೆ ಸಭೆ, ಅಂದರೆ ವಿಶ್ವಾಸಿಗಳೆಲ್ಲ, ಮೇಲಕ್ಕೆ ಎತ್ತಲ್ಪಡುತ್ತಾರೆ, ಇಂಥ ಲಸಿಕೆಯೇ ಬೈಬಲ್ ಹೇಳುವ ಅಂತ್ಯಕಾಲದ ಮೃಗದ ಗುರುತು, ಅಲ್ಲ ಇಂಥ ಚಿಪ್, ಬಾರ್‌ಕೋಡ್ ಕೂಡ ಅದೇ, ಇದನ್ನು ಹತ್ತು ಜನಕ್ಕೆ ಕಳಿಸದಿದ್ದರೆ ನಿಮಗೆ ಯೇಸು ಸ್ವಾಮಿಯ ಮೇಲೆ ಪ್ರೀತಿ ಇಲ್ಲ. ಕಳಿಸುವವರು ಕೆಟ್ಟವರಲ್ಲ. ಉಪವಾಸ ಪ್ರಾರ್ಥನೆ ಮಾಡುವವರು, ಕಷ್ಟದಲ್ಲಿರುವವರ ಮನೆಗೆ ಹೋಗಿ ಬರುವವರು. ಅದಕ್ಕೇ ನನಗೆ ಜಾಸ್ತಿ ನೋವು. ಅಂತ್ಯಕಾಲದ ಬಗ್ಗೆ ಇಷ್ಟೊಂದು ಎಚ್ಚರ ಇರುವವರು, ತಾವು ಕಳಿಸುತ್ತಿರುವುದು ನಿಜವೋ ಸುಳ್ಳೋ ಅನ್ನುವ ವಿಷಯದಲ್ಲಿ ಮಾತ್ರ ಎಚ್ಚರವಾಗಿಲ್ಲ.

ಕರ್ತನು ತಿರುಗಿ ಬರುತ್ತಾನೆ ಎಂದು ನಾನು ಪೂರ್ತಿ ಮನಸ್ಸಿನಿಂದ ನಂಬುತ್ತೇನೆ. ಸಂಕಟದ ಕಾಲ ಬರುತ್ತದೆ ಎಂದೂ ನಂಬುತ್ತೇನೆ. ಎಷ್ಟೋ ಕಡೆ ಅದು ಆಗಲೇ ಬಂದಿದೆ, ಬೈಬಲ್ ಇಟ್ಟುಕೊಂಡಿದ್ದಕ್ಕೇ ಜೈಲು ಸೇರುವವರು ಇವತ್ತಿಗೂ ಇದ್ದಾರೆ. ಆದರೆ ಆ ಪರೀಕ್ಷೆ ಯಾವ ದಾರಿಯಲ್ಲಿ ಬರುತ್ತದೆ ಎಂದು ಕಾಯುತ್ತಾ ನಾವು ತಪ್ಪು ಬಾಗಿಲನ್ನು ನೋಡುತ್ತಾ ಕೂತಿದ್ದೇವೆ. ಅದು ಮೊದಲು ಬರುವುದು ನಮ್ಮ ಬಾಯಿಗೆ.

ಬೈಬಲಿನ ಕಡೇ ಪುಸ್ತಕವಾದ ಪ್ರಕಟನೆಯ 13ನೇ ಅಧ್ಯಾಯ ನಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ. ಬಲಗೈ ಅಥವಾ ಹಣೆಯ ಮೇಲೆ ಮೃಗದ ಗುರುತು, ಅದರ ಸಂಖ್ಯೆ 666, ಗುರುತಿಲ್ಲದವರು ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಅದರ ಮೇಲೆ ಎಷ್ಟು ಪ್ರಸಂಗ ಕೇಳಿಲ್ಲ ನಾವು! ಪುಟ ತಿರುಗಿಸಿ 14ನೇ ಅಧ್ಯಾಯಕ್ಕೆ ಬಂದರೆ, ಹಣೆಯ ಮೇಲೆ ಇನ್ನೊಂದು ಹೆಸರು ಇರುವ ಜನ ಚೀಯೋನ್ ಬೆಟ್ಟದ ಮೇಲೆ ಕುರಿಮರಿಯ, ಅಂದರೆ ಕ್ರಿಸ್ತನ ಜೊತೆ ನಿಂತಿದ್ದಾರೆ. ಅವರು 1,44,000 ಎನ್ನುವ ಲೆಕ್ಕದ ಮೇಲೆ ಜಗಳ ಆಡುವವರಿಗೆ ಕೊರತೆ ಇಲ್ಲ. ಆದರೆ ಅವರು ಎಂಥವರು ಎಂದು 5ನೇ ವಚನ ಹೇಳುತ್ತದಲ್ಲ, ಅವರ ಬಾಯಲ್ಲಿ ಸುಳ್ಳು ಸಿಕ್ಕಲಿಲ್ಲ ಎಂದು, ಅದರ ಮೇಲೆ ಒಂದು ಪ್ರಸಂಗ ಕೇಳಿದ ನೆನಪಿಲ್ಲ. ಇನ್ನೂ ಮುಂದೆ 21ರಲ್ಲಿ ಬೆಂಕಿಯ ಕೆರೆಗೆ ಹೋಗುವವರ ಪಟ್ಟಿ ಇದೆ, ಕೊಲೆಗಾರರು, ಜಾದೂಗಾರರು, ವಿಗ್ರಹಾರಾಧಕರು, ಪಟ್ಟಿಯ ಕೊನೆಗೆ ಎಲ್ಲಾ ಸುಳ್ಳುಗಾರರು. 22ರಲ್ಲಿ ಪಟ್ಟಣದ ಹೊರಗೆ ಉಳಿಯುವವರಲ್ಲಿ ಸುಳ್ಳನ್ನು ಪ್ರೀತಿಸಿ ಅದರಂತೆ ನಡೆಯುವವರು ಮತ್ತೆ ಬರುತ್ತಾರೆ. ಕಡೇ ಪುಸ್ತಕದ ಕಡೇ ಪುಟಗಳಲ್ಲಿ ಇದನ್ನೇ ಇಷ್ಟು ಸಲ ಹೇಳಿರುವುದು ಸುಮ್ನೆ ಅಲ್ಲ.

ಶಿಷ್ಯರು ಆಲಿವ್ ಗುಡ್ಡದ ಮೇಲೆ ಯೇಸು ಸ್ವಾಮಿಯನ್ನು ಕೇಳಿದ್ದು ‘ಯಾವಾಗ’ ಎಂದು. ಆತನ ಬಾಯಿಂದ ಮೊದಲು ಬಂದ ಮಾತಿನಲ್ಲಿ ದಿನಾಂಕ ಇರಲಿಲ್ಲ, ಯಾರೂ ನಿಮ್ಮನ್ನು ಮೋಸಗೊಳಿಸದಂತೆ ನೋಡಿಕೊಳ್ಳಿ ಎಂಬ ಎಚ್ಚರಿಕೆ ಇತ್ತು. ಮತ್ತಾಯ 24ರಲ್ಲಿ ಇದೆ. ಅದೇ ಅಧ್ಯಾಯದ 36ನೇ ವಚನದಲ್ಲಿ ಆ ದಿನ, ಆ ಗಳಿಗೆ ತಂದೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಎಂದೂ ಇದೆ. ಆ ಕಾಲದ ಥೆಸಲೋನಿಕ ಪಟ್ಟಣದ ಸಭೆಗೆ ಇದೇ ಕಾಯಿಲೆ ಆಗಲೇ ಬಂದಿತ್ತು. ಕರ್ತನ ದಿನ ಬಂದೇಬಿಟ್ಟಿತು ಎಂದು ಹೇಳುವ ಪತ್ರ ನಮ್ಮ ಹೆಸರಲ್ಲಿ ಬಂದರೂ ಬೆದರಬೇಡಿ ಎಂದು ಅಪೊಸ್ತಲ ಪೌಲ ಅವರಿಗೆ ಬರೆಯುತ್ತಾನೆ, ಕೊನೆಗೆ ತನ್ನ ಕೈಯಾರೆ ವಂದನೆ ಬರೆದು, ನನ್ನ ಎಲ್ಲಾ ಪತ್ರಗಳಲ್ಲೂ ಗುರುತು ಇದೇ, ನಾನು ಬರೆಯುವುದು ಹೀಗೆ ಎನ್ನುತ್ತಾನೆ. ನೋಡಿ, ಅಪೊಸ್ತಲನೇ ‘ಇದು ನಿಜವಾಗಿ ನನ್ನದೇ’ ಎಂದು ಖಾತ್ರಿ ಕೊಡಬೇಕಾಗಿ ಬಂತು. ನಾವು ಯಾರು ಬರೆದರು, ಎಲ್ಲಿಂದ ಬಂತು ಎಂದು ಒಂದು ನಿಮಿಷ ಕೂಡ ಕೇಳದೆ ಮುಂದಕ್ಕೆ ತಳ್ಳುತ್ತೇವೆ.

ದಿನಾಂಕ ಹೇಳಿದವರ ಕಥೆ ಏನಾಯಿತು ಎಂದು ಎಲ್ಲರಿಗೂ ಗೊತ್ತಿದ್ದರೆ ಒಳ್ಳೆಯದು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ಪ್ರಸಂಗಿಯ ಹಿಂದೆ ಹೋದ ಸಾವಿರಾರು ಜನ 22 ಅಕ್ಟೋಬರ್ 1844ರಂದು ಕಾದು ಕೂತರು, ಕೆಲವರು ಹೊಲದ ಬೆಳೆಯನ್ನೂ ತೆಗೆಯದೆ ಬಿಟ್ಟಿದ್ದರು. ಏನೂ ಆಗಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಒಂದು ಗುಂಪು 28 ಅಕ್ಟೋಬರ್ 1992 ಎಂದಿತು. ಆ ಗುಂಪಿನ ನಾಯಕ, ಹೇಳಿದ ದಿನ ಕಳೆದ ಮೇಲೆ ಹಣ ಕೈಗೆ ಬರುವಂಥ ಬಾಂಡ್‌ಗಳನ್ನು ಕೊಂಡಿಟ್ಟಿದ್ದ ಎಂದು ಗೊತ್ತಾಯಿತು, ವಂಚನೆಗಾಗಿ ಜೈಲಿಗೂ ಹೋದ. ಜನರಿಗೆ ಎಲ್ಲ ಬಿಟ್ಟು ಬನ್ನಿ ಎಂದು ಹೇಳಿ ತಾನು ಮಾತ್ರ ನಾಳೆಗೆ ಇಟ್ಟುಕೊಂಡವನನ್ನು ಏನೆಂದು ಕರೆಯಬೇಕು? 2011ರಲ್ಲಿ ಹೆರಾಲ್ಡ್ ಕ್ಯಾಂಪಿಂಗ್ ಮೇ 21 ಎಂದರು, ಆಗಲಿಲ್ಲ, ಅಕ್ಟೋಬರ್ 21 ಎಂದರು, ಅದೂ ಆಗಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು, ಮರುವರ್ಷ ಅವರು ದಿನಾಂಕ ಹೇಳಿದ್ದು ತಪ್ಪು, ಪಾಪ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಮಿಲ್ಲರ್ ಕೂಡ ತನ್ನ ಲೆಕ್ಕ ತಪ್ಪಾಯಿತು ಎಂದು ಮುಚ್ಚುಮರೆ ಇಲ್ಲದೆ ಒಪ್ಪಿದ್ದ. ಇವತ್ತು ಸಂದೇಶ ಕಳಿಸುವ ನಮ್ಮವರಲ್ಲಿ ಅಷ್ಟು ಮಾಡುವವರು ಎಷ್ಟು ಜನ? ಹೇಳಿದ ತಿಂಗಳು ದಾಟುತ್ತದೆ, ಯಾರೂ ಮಾತಾಡುವುದಿಲ್ಲ, ಹೊಸ ತಿಂಗಳು ಹೊಸ ದಿನಾಂಕ.

ಇದು ಸಣ್ಣ ವಿಷಯ, ಉದ್ದೇಶ ಒಳ್ಳೆಯದಲ್ವಾ, ನಾಲ್ಕು ಜನ ಹೆದರಿಯಾದರೂ ದೇವರ ಕಡೆ ತಿರುಗಲಿ ಎನ್ನುವವರಿದ್ದಾರೆ. ಬೈಬಲಿನಲ್ಲಿ ಬಹಳ ಕಷ್ಟಕ್ಕೆ ಸಿಕ್ಕಿದ ಯೋಬನ ಸ್ನೇಹಿತರೂ ದೇವರ ಪರವಾಗಿಯೇ ಮಾತಾಡಿದ್ದು. ಯೋಬ ಅವರನ್ನು ಕೇಳಿದ, ದೇವರಿಗೋಸ್ಕರ ಸುಳ್ಳಾಡುತ್ತೀರಾ ಎಂದು. ದೇವರಿಗೆ ನಮ್ಮ ಸುಳ್ಳಿನ ಸಹಾಯ ಬೇಕಾಗಿಲ್ಲ.

ನಿಜವಾದ ಸಂಕಟ ಬಂದಾಗ ಏನಾಯಿತು ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ಪಾಠ ಇದೆ, ಅದನ್ನು ಪ್ರತಿ ಸಭೆಯಲ್ಲೂ ಹೇಳಿಕೊಡಬೇಕು ಎನ್ನುವುದು ನನ್ನ ಆಸೆ. 250ನೇ ಇಸವಿಯಲ್ಲಿ ರೋಮ್ ಚಕ್ರವರ್ತಿ ಡೆಸಿಯಸ್, ಸಾಮ್ರಾಜ್ಯದಲ್ಲಿರುವ ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಸರ್ಟಿಫಿಕೇಟ್ ಪಡೆಯಬೇಕು ಎಂದು ಆಜ್ಞೆ ಮಾಡಿದ. ಈಜಿಪ್ಟಿನ ಮರಳಿನಲ್ಲಿ ಅಂಥ 40ಕ್ಕೂ ಹೆಚ್ಚು ಚೀಟಿಗಳು ಸಿಕ್ಕಿವೆ. ಒಂದರಲ್ಲಿ 72 ವರ್ಷದ ಒಬ್ಬ ಹಳ್ಳಿಯ ಮುದುಕ, ಗುರುತಿಗೆ ಬಲ ಹುಬ್ಬಿನ ಮೇಲೆ ಗಾಯದ ಕಲೆ ಎಂದು ಬರೆಸಿದ್ದಾನೆ. ಆಮೇಲೆ ವಿಷಯ: ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತಾ ಬಂದಿದ್ದೇನೆ, ಈಗಲೂ ನಿಮ್ಮ ಕಣ್ಣೆದುರೇ ಆಜ್ಞೆಯಂತೆ ಬಲಿ ಕೊಟ್ಟಿದ್ದೇನೆ, ಪಾನ ಎರೆದಿದ್ದೇನೆ, ಬಲಿಯ ರುಚಿ ನೋಡಿದ್ದೇನೆ, ಸಹಿ ಹಾಕಿಕೊಡಿ. ಕೆಳಗೆ ಅಧಿಕಾರಿಯ ಸಹಿ, ತಾರೀಕು. ಅಷ್ಟೇ.

ಆಗ ಕ್ರೈಸ್ತರಲ್ಲಿ ಕೆಲವರು ಸತ್ತರು, ಕೆಲವರು ಊರು ಬಿಟ್ಟರು, ಬಹಳ ಜನ ಹೋಗಿ ಬಲಿ ಕೊಟ್ಟುಬಿಟ್ಟರು. ಇನ್ನೂ ಒಂದು ಗುಂಪು ಇತ್ತು. ಅವರು ಬಲಿ ಕೊಡಲಿಲ್ಲ. ಅಧಿಕಾರಿಗೆ ದುಡ್ಡು ಕೊಟ್ಟು, ಬಲಿ ಕೊಟ್ಟಿದ್ದೇವೆ ಎಂಬ ಸರ್ಟಿಫಿಕೇಟ್ ಮಾತ್ರ ಮಾಡಿಸಿಕೊಂಡರು. ಕೈ ಶುದ್ಧ, ಕಾಗದ ಸುಳ್ಳು. ವಿಗ್ರಹದ ಮುಂದೆ ನಾವು ನಿಲ್ಲಲೇ ಇಲ್ಲವಲ್ಲ ಎಂದು ಅವರು ಸಮಾಧಾನ ಮಾಡಿಕೊಂಡರು. ಉತ್ತರ ಆಫ್ರಿಕಾದ ಕಾರ್ತೇಜಿನ ಬಿಷಪ್ ಸಿಪ್ರಿಯನ್ ಮತ್ತು ಅವರ ಜೊತೆಗಿದ್ದ ಸಭೆಗಳು ಇದನ್ನು ಒಪ್ಪಲಿಲ್ಲ. ಬಲಿ ಕೊಟ್ಟವರಿಗಿಂತ ಇವರ ತಪ್ಪು ಹಗುರ ಎಂದು ಎಣಿಸಿದರು, ಆದರೆ ತಪ್ಪೇ ಅಲ್ಲ ಎನ್ನಲಿಲ್ಲ. ಇವರೂ ಬಿದ್ದವರೇ, ಪಶ್ಚಾತ್ತಾಪಪಟ್ಟು ಸಭೆಗೆ ಮರಳಬೇಕು ಎಂದರು. ಕ್ರಿಸ್ತನನ್ನು ಅಲ್ಲಗಳೆದದ್ದು ಕೈಯಿಂದ ಅಲ್ಲದಿದ್ದರೇನು, ಕಾಗದದಲ್ಲಿ ಅಲ್ಲಗಳೆದ ಹಾಗಾಯಿತು.

ಈ ಕಥೆ ಓದಿದಾಗೆಲ್ಲ ನನಗೆ ಅನಿಸುವುದು, ಮೃಗದ ಗುರುತು ಎಂದು ನಾವು ಹೆದರುವ ಯಾವುದೇ ಚಿಪ್‌ಗಿಂತ ಇದು ನಮ್ಮ ಬದುಕಿಗೆ ಎಷ್ಟು ಹತ್ತಿರ ಇದೆ! ಕೊಳ್ಳಲು ಮಾರಲು ಅನುಕೂಲವಾಗಲಿ ಎಂದು ಒಂದು ಸುಳ್ಳು ಸಹಿ. ಬರದ ದಿನಗಳಿಗೂ ಹಾಜರಿ. ನೋಡದ ಕೆಲಸಕ್ಕೆ ‘ಪರಿಶೀಲಿಸಿದ್ದೇನೆ’ ಎಂಬ ಷರಾ. ಖರ್ಚಾಗದ ಹಣಕ್ಕೆ ಬಿಲ್ಲು. ಸಭೆಯ ಕಾಣಿಕೆ ಲೆಕ್ಕದಲ್ಲಿ ಒಂದು ಸಾಲು ಅತ್ತಿತ್ತ. ಇದನ್ನೆಲ್ಲ ಹಗುರವಾಗಿ ಮಾಡಿಕೊಂಡು ಬಂದ ಕೈ, ನಾಳೆ ಜೀವದ ಮೇಲೆ ಬಂದಾಗ ಒಂದು ಕಾಗದಕ್ಕೆ ಸಹಿ ಹಾಕದೆ ನಿಲ್ಲುತ್ತದೆ ಎಂದು ನಂಬಲು ನನಗೆ ಕಷ್ಟ. ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತನು ಎಂದು ಕರ್ತನೇ ಹೇಳಿದ್ದಾನೆ.

ಬೈಬಲಿನಲ್ಲಿ ಬರುವ, ರಾಜನ ಅಧಿಕಾರಿಯಾಗಿದ್ದ ದಾನಿಯೇಲನ ವಿಷಯ ತೆಗೆದುಕೊಳ್ಳಿ. ಪ್ರಾರ್ಥನೆ ಬಿಡದ್ದಕ್ಕೆ ಅವನನ್ನು ಸಿಂಹಗಳ ಗವಿಗೆ ಹಾಕಿದ ಕಥೆಯನ್ನು ಸಂಡೇ ಸ್ಕೂಲ್ ಮಕ್ಕಳೂ ಹೇಳುತ್ತಾರೆ. ಅದಕ್ಕೆ ಮುಂಚೆ ನಡೆದದ್ದನ್ನು ಯಾರೂ ಹೇಳುವುದಿಲ್ಲ. ವೈರಿಗಳು ಮೊದಲು ಅವನ ಕಚೇರಿ ಕೆಲಸವನ್ನು ಜಾಲಾಡಿದರು, ರಾಜ್ಯದ ಆಡಳಿತದಲ್ಲಿ ಏನಾದರೂ ತಪ್ಪು ಸಿಗುತ್ತದಾ ಎಂದು ಹುಡುಕಿದರು. ಏನೂ ಸಿಗಲಿಲ್ಲ, ಅವನು ನಂಬಿಗಸ್ತನಾಗಿದ್ದ. ಲೆಕ್ಕದಲ್ಲಿ ಹಿಡಿಯಲು ಆಗದೆ ಹೋದ್ದರಿಂದಲೇ ಪ್ರಾರ್ಥನೆಯಲ್ಲಿ ಹಿಡಿಯುವ ಕಾನೂನು ಮಾಡಿಸಿದರು. ನಮ್ಮನ್ನು ಹಿಡಿಯಲು ಅಂಥ ವಿಶೇಷ ಕಾನೂನು ಬೇಕಾಗುತ್ತದಾ, ಅಥವಾ ಈಗಿರುವ ಕಾನೂನೇ ಸಾಕಾ? ಹಿಂಸೆ ಹಿಂಸೆ ಎಂದು ಕೂಗುವ ಮೊದಲು ಇದನ್ನು ಕೇಳಿಕೊಳ್ಳಬೇಕು.

ನಂಬಿಕೆಗಾಗಿ ಪ್ರಾಣ ಕೊಟ್ಟ ಬಿಷಪ್ ಪೊಲಿಕಾರ್ಪನನ್ನು ಹಿಡಿದದ್ದು ಸುಮಾರು 155ನೇ ಇಸವಿಯಲ್ಲಿ, ಸ್ಮುರ್ನದಲ್ಲಿ. ಸಾಯಬೇಕಾದರೂ ನಂಬಿಗಸ್ತನಾಗಿರು ಎಂದು ಪ್ರಕಟನೆಯಲ್ಲಿ ಯಾವ ಸಭೆಗೆ ಬರೆದಿತ್ತೋ ಅದೇ ಊರು. ಹಿಡಿಯಲು ಬಂದವರಿಗೆ ಆ ಮುದುಕ ಊಟ ಹಾಕಿಸಿದ, ಪ್ರಾರ್ಥನೆಗೆ ಒಂದು ಗಂಟೆ ಕೇಳಿದ. ಆಮೇಲೆ ಅಧಿಕಾರಿ ತನ್ನ ಗಾಡಿಯಲ್ಲೇ ಕೂರಿಸಿಕೊಂಡು ಬಹಳ ನಯವಾಗಿ ಕೇಳಿದ, ಕೈಸರನೇ, ಅಂದರೆ ಚಕ್ರವರ್ತಿಯೇ ಕರ್ತನು ಎಂದು ಒಂದು ಮಾತು ಅಂದುಬಿಟ್ಟರೆ ಏನು ನಷ್ಟ? ಬೈಗುಳಕ್ಕಿಂತ, ಬೆಂಕಿಗಿಂತ ಇದು ಕಷ್ಟದ ಪರೀಕ್ಷೆ ಎನ್ನುತ್ತೇನೆ ನಾನು. ಏನು ನಷ್ಟ, ಒಂದು ಮಾತು ತಾನೇ, ಮನಸ್ಸಿನಲ್ಲಿ ಬೇರೆ ಇಟ್ಟುಕೊಳ್ಳಿ. ಆತ ಒಪ್ಪಲಿಲ್ಲ. ಗಾಡಿಯಿಂದ ತಳ್ಳಿದರು, ಕಾಲಿನ ಮುಂಭಾಗ ತರಚಿತು, ಏನೂ ಆಗದವನಂತೆ ನಡೆದುಕೊಂಡು ಹೋದ. 86 ವರ್ಷ ಆತನ ಸೇವೆ ಮಾಡಿದ್ದೇನೆ, ಆತ ನನಗೆ ಒಂದು ಕೆಡುಕೂ ಮಾಡಲಿಲ್ಲ ಎಂದು ಕ್ರಿಸ್ತನ ಬಗ್ಗೆ ವಿಚಾರಣೆಯಲ್ಲಿ ಹೇಳಿದ ಮಾತು ನಮಗೆಲ್ಲ ಗೊತ್ತೇ ಇದೆ.

ಸತ್ಯ ಹೇಳುವುದು ಎಂದರೆ ಕೇಳಿದವರಿಗೆಲ್ಲ ಎಲ್ಲವನ್ನೂ ಒಪ್ಪಿಸುವುದಲ್ಲ. ಇದನ್ನು ಕೇಳುವವರಿದ್ದಾರೆ, ಹಿಂಸೆ ಮಾಡುವವರು ನಿಮ್ಮ ಸಹೋದರರು ಎಲ್ಲಿ ಎಂದರೆ ಹೇಳಿಬಿಡಬೇಕಾ ಎಂದು. ಡೆಸಿಯಸ್ ಕಾಲದಲ್ಲಿ ತಲೆಮರೆಸಿಕೊಂಡಿದ್ದ ಅದೇ ಸಿಪ್ರಿಯನ್, 257ರಲ್ಲಿ ಮತ್ತೆ ಹಿಂಸೆ ಶುರುವಾದಾಗ ರಾಜ್ಯಪಾಲನ ಮುಂದೆ ನಿಂತರು. ಹೌದು, ನಾನು ಕ್ರೈಸ್ತ, ನಾನು ಬಿಷಪ್ ಎಂದರು. ನಿನ್ನ ಪಾದ್ರಿಗಳು ಯಾರು ಯಾರು, ಹೆಸರು ಹೇಳು ಎಂದಾಗ, ಚಾಡಿ ಹೇಳುವುದನ್ನು ನಿಮ್ಮ ಕಾನೂನೇ ನಿಷೇಧಿಸಿದೆ, ಅದು ಒಳ್ಳೆಯದೇ, ಆದ್ದರಿಂದ ನಾನು ಹೇಳಲಾರೆ ಎಂದರು. ಒಂದು ಸುಳ್ಳಿಲ್ಲ, ಒಬ್ಬರನ್ನೂ ಹಿಡಿದುಕೊಡಲಿಲ್ಲ. 14 ಸೆಪ್ಟೆಂಬರ್ 258ರಂದು ಅವರ ತಲೆ ತೆಗೆದರು. ಬಾಯಿ ಮುಚ್ಚಿಕೊಳ್ಳುವ ಧೈರ್ಯಕ್ಕೂ ಬಾಯಿಗೆ ಬಂದಂತೆ ಸುಳ್ಳು ಹೇಳುವ ಜಾಣತನಕ್ಕೂ ಬಹಳ ದೂರ ಇದೆ.

ದೇವರು ತಮಗೆ ಮಾಡಿದ್ದನ್ನು ಕೂಟಗಳಲ್ಲಿ ಸಾಕ್ಷಿ ಹೇಳುವ ವಿಷಯದಲ್ಲೂ ಇದೇ ಮಾತು. ಮೊದಲ ಸಲ ಹೇಳಿದಾಗ ಜ್ವರ, ಎರಡನೇ ಕೂಟದಲ್ಲಿ ವೈದ್ಯರು ಕೈಬಿಟ್ಟಿದ್ದ ಜ್ವರ, ಇನ್ನೊಂದು ಕೂಟಕ್ಕೆ ಹೋಗುವಷ್ಟರಲ್ಲಿ ಸತ್ತೇ ಹೋಗಿದ್ದೆ. ದೇವರು ಮಾಡಿದ್ದು ಜ್ವರ ವಾಸಿಯಾದಷ್ಟೇ ಆಗಿದ್ದರೆ ಅಷ್ಟೇ ಹೇಳಿ. ಅದೂ ದೇವರದ್ದೇ ಕೆಲಸ. ಕೂಟಕ್ಕೆ ಬಂದವರಲ್ಲಿ ಯಾರೋ ಒಬ್ಬರು ವೈದ್ಯರ ಚೀಟಿ ನೋಡಿರುತ್ತಾರೆ, ಅವರು ಮತ್ತೆ ಸಭೆಗೆ ಕಾಲಿಡುವುದಿಲ್ಲ. ನಮ್ಮ ಮಕ್ಕಳು ಕೂಡ ಹೀಗೇ ಒಬ್ಬೊಬ್ಬರಾಗಿ ದೂರ ಹೋಗುತ್ತಿದ್ದಾರೆ. ಲೋಕ ಸೆಳೆಯಿತು ಎಂದು ನಾವು ಹೇಳುತ್ತೇವೆ. ಆಯ್ತು, ಕೆಲವರನ್ನು ಸೆಳೆದಿರಬಹುದು. ಆದರೆ ಅಪ್ಪ ಅಮ್ಮ ಮತ್ತೆ ಮತ್ತೆ ಕಳಿಸಿದ ದಿನಾಂಕಗಳೆಲ್ಲ ಸುಳ್ಳಾಗಿದ್ದನ್ನು ನೋಡಿದ ಮಗು, ಅದೇ ಬಾಯಿಂದ ಬರುವ ಪುನರುತ್ಥಾನದ ಸುದ್ದಿಯನ್ನು ಯಾವ ಧೈರ್ಯದಲ್ಲಿ ನಂಬಬೇಕು?

ಪಾಸ್ಟರ್‌ಗಳಲ್ಲಿ, ಸಭೆಯ ಹಿರಿಯರಲ್ಲಿ ನನ್ನದು ಒಂದು ಬೇಡಿಕೆ. ಸಭೆಯ ಗುಂಪಿನಲ್ಲಿ ಯಾರಾದರೂ ಅಂತ್ಯಕಾಲದ ಸುದ್ದಿ ಎಂದು ಏನಾದರೂ ಹಾಕಿದರೆ, ಇದು ಎಲ್ಲಿಂದ ಬಂತು ಎಂದು ಅಲ್ಲೇ ಕೇಳಿ. ಉತ್ತರ ಇಲ್ಲದಿದ್ದರೆ ತೆಗೆಸಿ. ದಿನಾಂಕ ಹೇಳಿದವರಿದ್ದರೆ ಬರೆದಿಟ್ಟುಕೊಳ್ಳಿ, ಆ ದಿನ ಕಳೆದ ಮುಂದಿನ ಭಾನುವಾರ ಅವರನ್ನು ಪ್ರೀತಿಯಿಂದಲೇ ಎದ್ದು ನಿಲ್ಲಿಸಿ, ಯಾವ ಗುಂಪಿಗೆ ಸುಳ್ಳು ಹೋಯಿತೋ ಅದೇ ಗುಂಪಿಗೆ ‘ನಾನು ಕಳಿಸಿದ್ದು ನಿಜವಾಗಿರಲಿಲ್ಲ’ ಎಂದು ಅವರೇ ಒಂದು ಸಾಲು ಬರೆಯಲಿ. ಪ್ರಸಂಗಪೀಠದಿಂದ ಹೇಳಿದ್ದಾಗಿದ್ದರೆ ಪ್ರಸಂಗಪೀಠದಿಂದಲೇ ಹೇಳಿ. ಮತ್ತೆ ಮುಂದಿನ ಸಲ ಪ್ರಕಟನೆ 13ರ ಮೇಲೆ ಪ್ರಸಂಗ ಮಾಡುವಾಗ ದಯವಿಟ್ಟು 14ರ 5ನೇ ವಚನದ ತನಕ ಓದಿ, ಅದಕ್ಕೆ ಇನ್ನೂ ಹತ್ತು ನಿಮಿಷ ಜಾಸ್ತಿ ಹಿಡಿದರೂ ನಾವು ಕೂತು ಕೇಳುತ್ತೇವೆ.

ಇತಿ,
ನಿಮ್ಮ ಓದುಗ, ಒಬ್ಬ ವಿಶ್ವಾಸಿ